ಮರಿ ನೋಡುವ ಮೊದಲು ತಾಯಿಯನ್ನು ನೋಡಿ

ಗರ್ಭಿಣಿಗೆ ಸೋಂಕು ತಗುಲಿ ಅವಳ ಮೈಯ ರೋಗನಿರೋಧಕ ವ್ಯವಸ್ಥೆ ಕೆರಳಿದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಏನಾಗುತ್ತದೆ? ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಇಲಿಗಳ ಮೇಲೆ ಈ ಪ್ರಶ್ನೆ ಹಿಡಿದು ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವವರು ಬಂದು ಕೇಳುವುದೆಲ್ಲ ಮರಿಗಳ ಬಗ್ಗೆ. ಯಾವ ಟೆಸ್ಟ್ ಮಾಡ್ತೀರಿ, ಯಾವ ವಯಸ್ಸಿನಲ್ಲಿ, ಯಾವ ಸಾಫ್ಟ್‌ವೇರ್. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಮರಿ ಹುಟ್ಟುವ ಮೊದಲೇ ಮುಗಿದಿರುತ್ತದೆ.

ಅನುಮಾನ ಶುರುವಾಗಿದ್ದು ಮನುಷ್ಯರಿಂದಲೇ. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಎಂಬ ವೈರಸ್ ಸೋಂಕು ಹಬ್ಬಿತ್ತು. ಆಗ ಗರ್ಭದಲ್ಲೇ ಸೋಂಕು ತಗುಲಿಸಿಕೊಂಡ ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ನೋಡಿದಾಗ ಆಟಿಸಂ ತೀರಾ ಜಾಸ್ತಿ ಕಂಡಿತು. 1988ರಲ್ಲಿ ಮೆಡ್ನಿಕ್ ಎಂಬ ಸಂಶೋಧಕ ಮತ್ತು ಜೊತೆಯವರು ಹೆಲ್ಸಿಂಕಿಯ ದಾಖಲೆ ತೆಗೆದರು. 1957ರ ಫ್ಲೂ ಹಬ್ಬಿದಾಗ ಗರ್ಭಾವಧಿಯ ನಡುವಿನ ಮೂರು ತಿಂಗಳಲ್ಲಿ ತಾಯಿಯ ಹೊಟ್ಟೆಯೊಳಗಿದ್ದವರಲ್ಲಿ ಮುಂದೆ ಸ್ಕಿಝೋಫ್ರೇನಿಯಾ ಹೆಚ್ಚು ಎಂದರು. ಆದರೆ ಇದು ಸೋಂಕಿನ ಕೆಲಸವೋ ತಾಯಿಯ ಮೈ ಕೊಟ್ಟ ಉತ್ತರದ ಕೆಲಸವೋ ಅಂತ ದಾಖಲೆ ನೋಡಿ ಹೇಳಲಾಗದು. ಅದಕ್ಕೇ ಇಲಿ ಬೇಕು, ಅದಕ್ಕೇ ಪಾಲಿ ಐಸಿ ಬೇಕು.

ಪಾಲಿ ಐಸಿ ವೈರಸ್ ಅಲ್ಲ. ಲ್ಯಾಬಿನಲ್ಲಿ ತಯಾರಿಸಿದ ಎರಡೆಳೆ ಆರ್‌ಎನ್‌ಎ, ಅಷ್ಟೆ. ತಾಯಿ ಇಲಿಯ ಜೀವಕೋಶಗಳು ಅದನ್ನು ಕಂಡು ವೈರಸ್ ಬಂತು ಎಂದುಕೊಂಡು ಗಲಾಟೆ ಎಬ್ಬಿಸುತ್ತವೆ. ಕ್ಯಾಲ್‌ಟೆಕ್‌ನ ಪಾಲ್ ಪ್ಯಾಟರ್ಸನ್ ಲ್ಯಾಬ್ 2007ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೋಗನಿರೋಧಕ ವ್ಯವಸ್ಥೆ ಕೆರಳಿದಾಗ ಮೈಯಲ್ಲಿ ಏರುವ ಐಎಲ್-6 ಎಂಬ ಒಂದೇ ಪ್ರೋಟೀನನ್ನು ಬಸುರಿ ಇಲಿಗೆ ಕೊಟ್ಟರೂ ಮರಿಗಳ ನಡವಳಿಕೆ ಬದಲಾಯಿತು, ಪಾಲಿ ಐಸಿ ಕೊಟ್ಟು ಐಎಲ್-6 ಅನ್ನು ತಡೆದರೆ ಬದಲಾಗಲಿಲ್ಲ. ರೋಗಾಣುವೇ ಇಲ್ಲ, ಆದರೂ ಪರಿಣಾಮ ಇದೆ. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಈ ಪೇಪರೇ.

ಇನ್ನು ಕೈಯ ಕೆಲಸ. ಮೊದಲು ಪ್ರಾಣಿ ನೈತಿಕ ಸಮಿತಿಯ ಅನುಮತಿ, ಅದಿಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ಸಂಜೆ ಗಂಡು ಹೆಣ್ಣು ಒಟ್ಟಿಗೆ ಬಿಟ್ಟು, ಬೆಳಗ್ಗೆ ಬೇಗ ಬಂದು ಹೆಣ್ಣಿನ ಬಾಲ ಎತ್ತಿ ನೋಡಬೇಕು. ಕೂಡಿದ್ದರೆ ಯೋನಿಯ ಬಾಯಿಯಲ್ಲಿ ಬಿಳಿ ಗಟ್ಟಿ ಬಿರಡೆ ಇರುತ್ತದೆ, ನಾವು ಪ್ಲಗ್ ಅನ್ನುತ್ತೇವೆ. ಕಾಫಿ ಕುಡಿದು ನಿಧಾನ ಬಂದರೆ ಅದು ಬಿದ್ದುಹೋಗಿರುತ್ತದೆ. ಪ್ಲಗ್ ಕಂಡ ದಿನದ ಮಧ್ಯಾಹ್ನಕ್ಕೆ ಅರ್ಧ ದಿನ ಎಂದು ಲೆಕ್ಕ. ಈ ಲೆಕ್ಕದಲ್ಲಿ ಹನ್ನೆರಡೂವರೆ ದಿನಕ್ಕೆ ಇಂಜೆಕ್ಷನ್. ಇಲಿಯ ಬಸುರು ಇರುವುದೇ ಹತ್ತೊಂಬತ್ತು ಇಪ್ಪತ್ತು ದಿನ, ಈ ಹೊತ್ತಿಗೆ ಮರಿಯ ಮೆದುಳಿನ ಹೊರಪದರದ ನರಕೋಶಗಳು ಹುಟ್ಟುತ್ತಿರುತ್ತವೆ. ದಿನ ಬದಲಾದರೆ ಪರಿಣಾಮವೂ ಬೇರೆ. ಜ್ಯೂರಿಕ್‌ನ ಉರ್ಸ್ ಮೇಯರ್ ಮತ್ತಿತರರು ಒಂಬತ್ತನೇ ದಿನಕ್ಕೂ ಹದಿನೇಳನೇ ದಿನಕ್ಕೂ ಕೊಟ್ಟು ಇದನ್ನು ತೋರಿಸಿದ್ದಾರೆ.

ಇಂಜೆಕ್ಷನ್‌ಗೆ ಇಲಿಯನ್ನು ಕತ್ತಿನ ಚರ್ಮದಲ್ಲಿ ಹಿಡಿದು, ತಲೆಯನ್ನು ಸ್ವಲ್ಪ ಕೆಳಗೆ ವಾಲಿಸುತ್ತೇನೆ. ಒಳಗಿನ ಅಂಗಗಳು ಮುಂದಕ್ಕೆ ಸರಿಯುತ್ತವೆ. ಆಗ ಹೊಟ್ಟೆಯ ಕೆಳಭಾಗದಲ್ಲಿ, ಬಲಪಕ್ಕದಲ್ಲಿ ಸೂಜಿ. ಅವಸರ ಬೇಡ. ಹೋಲಿಕೆಗೆ ಅಂತ ಉಪ್ಪುನೀರು ಮಾತ್ರ ಕೊಡುವ ಇಲಿಗಳಿಗೂ ಅದೇ ಕೈ, ಅದೇ ಹೊತ್ತು, ಅದೇ ಹಿಡಿತ ಇರಬೇಕು, ಯಾಕಂದ್ರೆ ಹಿಡಿಸಿಕೊಳ್ಳುವುದೇ ಇಲಿಗೆ ಒಂದು ಒತ್ತಡ.

ಡೋಸ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹೊಟ್ಟೆಗೆ ಕೊಡುವುದಾದರೆ ಒಂದು ಕೆಜಿ ತೂಕಕ್ಕೆ 20 ಮಿಲಿಗ್ರಾಂ ಎಂದು ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ಅಂಕಿಯನ್ನು ಸುಮ್ನೆ ನಕಲು ಮಾಡಬೇಡಿ. ಒಂದೇ ಕಂಪನಿಯ ಬಾಟಲಿಯಾದರೂ ಒಂದು ಲಾಟ್‌ನಲ್ಲಿ ಆರ್‌ಎನ್‌ಎ ಎಳೆ ಉದ್ದ, ಇನ್ನೊಂದರಲ್ಲಿ ಗಿಡ್ಡ. ಉದ್ದ ಎಳೆ ಜಾಸ್ತಿ ಕೆರಳಿಸುತ್ತದೆ. ಹಾಗಾಗಿ ಹೊಸ ಲಾಟ್ ಬಂದರೆ ನಾನು ಮೊದಲು ಕೆಲವೇ ಇಲಿಗಳಿಗೆ ಕೊಟ್ಟು, ಸುಮಾರು ಮೂರು ಗಂಟೆ ಬಿಟ್ಟು ರಕ್ತ ತೆಗೆದು ಐಎಲ್-6 ಅಳೆಯುತ್ತೇನೆ. ಲಾಟ್ ನಂಬರನ್ನು ಲ್ಯಾಬ್ ಪುಸ್ತಕದ ಪ್ರತಿ ಪುಟದಲ್ಲೂ ಬರೆಯುತ್ತೇನೆ. ಬೋರು ಹೊಡೆಸುವ ಕೆಲಸ, ಆದರೆ ಇದನ್ನು ಬಿಟ್ಟವರ ಪೇಪರ್ ಓದಿದರೆ ನನಗೆ ನಂಬಿಕೆ ಬರುವುದಿಲ್ಲ.

ರಕ್ತ ಒಂದೇ ಸಾಲದು, ತಾಯಿಯನ್ನು ಕಣ್ಣಲ್ಲೂ ನೋಡಬೇಕು. ಮನುಷ್ಯರಿಗೆ ಜ್ವರ ಬಂದರೆ ಮೈ ಬಿಸಿ, ಇಲಿಗೆ ಪಾಲಿ ಐಸಿ ಕೊಟ್ಟರೆ ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಕೂದಲು ನಿಮಿರಿ, ಬೆನ್ನು ಬಾಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತದೆ. ಗೂಡಿಗೆ ಅಂತ ಕೇಜಿಗೆ ಹಾಕಿದ ಪೇಪರ್ ಚೂರು ಮರುದಿನ ಬೆಳಗ್ಗೆಯೂ ಹಾಗೇ ಬಿದ್ದಿರುತ್ತದೆ. ಉಪ್ಪುನೀರು ಪಡೆದವಳು ಅಷ್ಟರಲ್ಲಿ ಅದನ್ನು ಹರಿದು ಅಚ್ಚುಕಟ್ಟಾದ ಗೂಡು ಕಟ್ಟಿರುತ್ತಾಳೆ. ತೂಕ ನೋಡಿದರೆ ಒಬ್ಬಳದು ಇಳಿದಿದೆ, ಇನ್ನೊಬ್ಬಳದು ಏರಿದೆ. ಕೆಲವು ತಾಯಂದಿರು ಮಾತ್ರ ಅದೇ ಡೋಸ್ ಪಡೆದೂ ಏನೂ ಆಗದವರ ಹಾಗೆ ಗೂಡು ಕಟ್ಟುತ್ತಿರುತ್ತಾರೆ. ಅಕ್ಕತಂಗಿಯರು, ಒಂದೇ ವಂಶ, ಒಂದೇ ಕೇಜ್. ಆದರೂ!

ಈ ವ್ಯತ್ಯಾಸದ ಒಂದು ಕಾರಣ ಕರುಳಿನಲ್ಲಿದೆ. ಗ್ಲೋರಿಯಾ ಚೋಯ್ ಮತ್ತು ಜುನ್ ಹು 2016ರಲ್ಲಿ ತಾಯಿಯ ಟಿಎಚ್-17 ಎಂಬ ರೋಗನಿರೋಧಕ ಕೋಶಗಳು ಬಿಡುವ ಐಎಲ್-17ಎ ಎಂಬ ಪ್ರೋಟೀನ್ ಮರಿಯ ಮೆದುಳಿನ ಹೊರಪದರದ ಪದರಗಳನ್ನು ಅಲ್ಲಲ್ಲಿ ಕೆಡಿಸುತ್ತದೆ ಎಂದು ತೋರಿಸಿದರು. ಮರುವರ್ಷ ಇನ್ನೊಂದು ವಿಷಯ ಹೊರಬಂತು. ತಾಯಿಯ ಕರುಳಿನಲ್ಲಿ ಎಸ್‌ಎಫ್‌ಬಿ ಎಂಬ ಬ್ಯಾಕ್ಟೀರಿಯಾ ಅಥವಾ ಅಂಥದ್ದು ಇದ್ದರೆ ಮಾತ್ರ ಈ ಪರಿಣಾಮ. ಲ್ಯಾಬ್‌ಗಳಿಗೆ ಇಲಿ ಮಾರುವ ಟ್ಯಾಕೋನಿಕ್‌ನಿಂದ ತಂದ ಇಲಿಗಳಲ್ಲಿ ಎಸ್‌ಎಫ್‌ಬಿ ಇತ್ತು, ಇನ್ನೊಂದು ಮಾರಾಟಗಾರ ಜ್ಯಾಕ್ಸನ್‌ನ ಇಲಿಗಳಲ್ಲಿ ಇರಲಿಲ್ಲ. ಹೆಸರಿಗೆ ಎರಡೂ ಒಂದೇ ಜಾತಿಯ ಕಪ್ಪು ಇಲಿ. ಇದನ್ನು ಓದಿದ ಮೇಲೆ ನಾವು ಕೂಡಿಸುವ ಮೊದಲೇ ಹಿಕ್ಕೆ ಆರಿಸಿ, ಈ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡುವುದನ್ನು ರೂಢಿ ಮಾಡಿಕೊಂಡೆವು. ಹಿಕ್ಕೆ ಆರಿಸುವ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಅದು ಬೇರೆ ಮಾತು.

ಮರಿ ಹುಟ್ಟಿದ ಮೇಲೂ ತಾಯಿ ಬಿಡುವುದಿಲ್ಲ. ಕಾಯಿಲೆ ಬಿದ್ದು ಎದ್ದವಳು ಮರಿಗಳನ್ನು ನೋಡಿಕೊಳ್ಳುವ ರೀತಿಯೇ ಬದಲಾಗಬಹುದು, ಆಗ ಮರಿಯಲ್ಲಿ ಕಂಡದ್ದು ಗರ್ಭದಲ್ಲಿ ಆಗಿದ್ದೋ ಹಾಲು ಕುಡಿಯುವಾಗ ಆಗಿದ್ದೋ ಹೇಳುವುದು ಹೇಗೆ? ಅದಕ್ಕೆ ಕೆಲವು ಮರಿಗಳನ್ನು ಆರೋಗ್ಯವಾಗಿರುವ ಇನ್ನೊಬ್ಬ ತಾಯಿಯ ಮಡಿಲಿಗೆ ಹಾಕುತ್ತೇವೆ. ಒಪ್ಪದ ತಾಯಂದಿರೂ ಇರುತ್ತಾರೆ.

ಟೆಸ್ಟ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಎಳೆ ಮರಿಯನ್ನು ತಾಯಿಯಿಂದ ದೂರ ಇಟ್ಟರೆ ನಮ್ಮ ಕಿವಿಗೆ ಕೇಳದ ದನಿಯಲ್ಲಿ ಕೂಗುತ್ತದೆ, ಅದನ್ನು ವಿಶೇಷ ಮೈಕಿನಲ್ಲಿ ಹಿಡಿಯುತ್ತೇವೆ. ದೊಡ್ಡದಾದ ಮೇಲೆ ಮೂರು ಕೋಣೆಯ ಪೆಟ್ಟಿಗೆಯಲ್ಲಿ ಬಿಟ್ಟು ಇನ್ನೊಂದು ಇಲಿಯ ಹತ್ತಿರ ಹೋಗುತ್ತದೋ ವಸ್ತುವಿನ ಹತ್ತಿರವೋ ನೋಡುತ್ತೇವೆ. ಜೋರು ಸದ್ದಿಗೆ ಬೆಚ್ಚಿಬೀಳುವ ಟೆಸ್ಟ್ ಇದೆ, ಅದನ್ನು ದೀಪಾವಳಿ ವಾರದಲ್ಲಿ ಇಟ್ಟುಕೊಳ್ಳಬೇಡಿ, ಪಟಾಕಿ ಸದ್ದಿನಲ್ಲಿ ಬಂದ ಅಂಕಿಗೆ ಅರ್ಥ ಇರುವುದಿಲ್ಲ. ಗೋಲಿ ಹೂಳುವ ಟೆಸ್ಟ್ ನನಗೆ ಅಷ್ಟಾಗಿ ಇಷ್ಟವಿಲ್ಲ. ದಪ್ಪಗೆ ಹರಡಿದ ಹೊಟ್ಟಿನ ಮೇಲೆ ಸಾಲಾಗಿ ಗೋಲಿ ಇಟ್ಟು ಎಷ್ಟು ಮುಚ್ಚಿದವು ಎಂದು ಎಣಿಸಿ, ಜಾಸ್ತಿ ಮುಚ್ಚಿದರೆ ಆಟಿಸಂನಂಥ ನಡವಳಿಕೆ ಎಂದು ಬರೆದುಬಿಡುತ್ತಾರೆ. ಇಲಿ ಕೆರೆಯುವ ಪ್ರಾಣಿ ಕಣ್ರೀ, ಕೆರೆಯುವಾಗ ಗೋಲಿ ತಾನಾಗಿ ಮುಚ್ಚಿಹೋಗುತ್ತದೆ.

ಲೆಕ್ಕದ ವಿಷಯಕ್ಕೆ ಬಂದರೆ ಜಗಳ ಖಾತ್ರಿ. ಒಬ್ಬ ತಾಯಿಗೆ ಎಂಟು ಮರಿ ಹುಟ್ಟಿದರೆ ಎಂಟು ಅಂಕಿ ಸಿಕ್ಕಿತು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಇಂಜೆಕ್ಷನ್ ಆಗಿದ್ದು ಒಬ್ಬಳಿಗೆ. ಒಂದೇ ಪಾತ್ರೆಯಿಂದ ಎಂಟು ಅಗುಳು ಹಿಸುಕಿ ನೋಡಿ ಎಂಟು ಪಾತ್ರೆ ಅನ್ನ ಬೆಂದಿದೆ ಎನ್ನಲಾಗುತ್ತದೆಯೇ? ತಾಯಂದಿರನ್ನು ಎಣಿಸಿ. ಹಾಗೆ ಎಣಿಸಿದರೆ ದೊಡ್ಡದಾಗಿ ಕಾಣುತ್ತಿದ್ದ ವ್ಯತ್ಯಾಸ ಎಷ್ಟೋ ಸಲ ಮಾಯವಾಗುತ್ತದೆ, ಉಳಿದುಕೊಂಡದ್ದನ್ನು ನಂಬಬಹುದು.

ಮನೆಯಲ್ಲಿ ಈ ಕೆಲಸದ ಬಗ್ಗೆ ಹೇಳಿದಾಗ ಅತ್ತಿಗೆಯ ಮುಖ ಸಣ್ಣದಾಯಿತು. "ಪುಟ್ಟ ಹೊಟ್ಟೇಲಿದ್ದಾಗ ನನಗೂ ಜ್ವರ ಬಂದಿತ್ತಲ್ಲೇ, ಅವನಿಗೇನಾದ್ರೂ ಆಗುತ್ತಾ?" ಎಂದರು. ಇಲ್ಲ ಅತ್ತಿಗೆ, ನಾವು ಕೊಡುವುದು ಪರಿಣಾಮ ಕಾಣಲಿ ಅಂತಲೇ ಆರಿಸಿದ ದೊಡ್ಡ ಡೋಸ್, ಅದರಲ್ಲೂ ಎಷ್ಟೋ ಮರಿಗಳಿಗೆ ಏನೂ ಆಗುವುದಿಲ್ಲ ಎಂದೆ. ಡೆನ್ಮಾರ್ಕ್‌ನ ದಾಖಲೆಗಳ ಮೇಲೆ 2010ರಲ್ಲಿ ಬಂದ ಅಧ್ಯಯನದ ಬಗ್ಗೆಯೂ ಹೇಳಿದೆ. ಗರ್ಭದ ಅವಧಿಯ ಎಲ್ಲ ಸೋಂಕುಗಳನ್ನೂ ಒಟ್ಟಿಗೆ ಹಿಡಿದರೆ ಆಟಿಸಂ ಜೊತೆ ಸಂಬಂಧ ಕಾಣಲಿಲ್ಲ. ಮೊದಲ ಮೂರು ತಿಂಗಳಲ್ಲಿ ವೈರಸ್ ಸೋಂಕಿಗೆ ಆಸ್ಪತ್ರೆ ಸೇರಿದವರ ಮಕ್ಕಳಲ್ಲಿ ಸುಮಾರು ಮೂರು ಪಟ್ಟು ಕಂಡಿತು, ಆದರೆ ಅಲ್ಲೂ ಹೆಚ್ಚಿನ ಮಕ್ಕಳಿಗೆ ಆಟಿಸಂ ಇರಲಿಲ್ಲ. ಹಾಗಾದ್ರೆ ಮಾಡಬೇಕಾದ್ದೇನು ಎಂದು ಕೇಳಿದರು. ಗರ್ಭಿಣಿಗೆ ಜ್ವರ ಬಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು, ರುಬೆಲ್ಲಾ ಲಸಿಕೆಯನ್ನು ಬಸುರಾಗುವ ಮೊದಲೇ ಹಾಕಿಸಿಕೊಂಡಿರಬೇಕು, ಗರ್ಭಿಣಿಗೆ ಅದನ್ನು ಕೊಡುವುದಿಲ್ಲ. ಅವರ ಮಗಳಿಗೆ ಆಗಿದೆಯಂತೆ, 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ (ಎಂಆರ್) ಲಸಿಕೆ ಅಭಿಯಾನ ಶುರುವಾದಾಗ ಶಾಲೆಯಲ್ಲೇ ಹಾಕಿದ್ದರಂತೆ.

ಈಗ ನಾವು ಕೂಡಿಸುವ ಮೊದಲೇ ಪ್ರತಿ ಹೆಣ್ಣಿಲಿಯ ರಕ್ತದ ಒಂದೆರಡು ಹನಿ ತೆಗೆದು, ಅವಳ ಕೋಶಗಳು ಪಾಲಿ ಐಸಿಗೆ ಎಷ್ಟು ಕೆರಳುತ್ತವೆ ಎಂದು ಗುರುತು ಹಾಕಿಕೊಳ್ಳುತ್ತಿದ್ದೇವೆ. ಮರಿಗಳ ಹಣೆಬರಹಕ್ಕೆ ಬಸುರಿಗೂ ಮುಂಚಿನ ಈ ಅಳತೆ ಸುಳಿವು ಕೊಡುತ್ತದೆ ಎಂದು 2020ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ ತೋರಿಸಿದೆ. ನಮ್ಮ ಇಲಿಗಳಲ್ಲೂ ಹಾಗೇನಾ ಅನ್ನುವುದು ಮುಂದಿನ ಸೂಲಿನ ಮರಿಗಳು ದೊಡ್ಡದಾದ ಮೇಲೆ ಗೊತ್ತಾಗುತ್ತದೆ.