ಹಳೇ ಲ್ಯಾಪ್‌ಟಾಪ್ ಎಸೆಯುವ ಮುಂಚೆ ಅದರ ಡಿಸ್ಕ್ ಬದಲಿಸಿ ನೋಡಿ

ಬಟನ್ ಒತ್ತಿ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ನಮ್ಮಕ್ಕ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟೇ ಬಿಟ್ಟಿದ್ದಳು. ಒಂದು ಭಾನುವಾರ ಕೂತು ಫೈಲ್‌ಗಳೆಲ್ಲ ಇರುವ ಹಾರ್ಡ್ ಡಿಸ್ಕ್ ತೆಗೆದು, ಅದೇ ಕೆಲಸ ಬೇಗ ಮಾಡುವ ಎಸ್‌ಎಸ್‌ಡಿ ಹಾಕಿದೆವು. ಈಗ ಅದರಲ್ಲೇ ಅವಳ ಮಗಳ ಓದು ನಡೆದಿದೆ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಫೈಲ್ ಎಲ್ಲಿದೆ ಅಂತ ಒಂದು ಪುಟ್ಟ ಕೈ ಆಚೀಚೆ ಓಡಾಡಬೇಕು. ವಿಂಡೋಸ್ ಶುರುವಾಗಲು ರಾಶಿ ರಾಶಿ ಸಣ್ಣ ಫೈಲ್ ಬೇಕು, ಅಷ್ಟಕ್ಕೂ ಈ ಓಡಾಟವೇ. ಎಸ್‌ಎಸ್‌ಡಿಯಲ್ಲಿ ಬರೀ ಚಿಪ್, ತಿರುಗುವಂಥದ್ದು ಏನೂ ಇಲ್ಲ.

ಕೊಳ್ಳುವ ಮುಂಚೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ (ಅಂದರೆ ಹಾರ್ಡ್ ಡಿಸ್ಕ್) ಅಂತ ಇದ್ದರೆ ಮುಂದುವರಿಯಿರಿ. ಆಗಲೇ ಎಸ್‌ಎಸ್‌ಡಿ ಇದ್ದರೆ ತೊಂದರೆ ಬೇರೆ ಕಡೆ ಇದೆ, ಸುಮ್ನೆ ದುಡ್ಡು ಹಾಕಬೇಡಿ. ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಕನೆಕ್ಟರ್‌ನ ಒಂದು ಬಗೆ) ಎಸ್‌ಎಸ್‌ಡಿ ಆಗುತ್ತದೆ. ಕೊಳ್ಳಲು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗುವುದಾದರೆ ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಮಾಡೆಲ್ ನಂಬರಿನ ಫೋಟೊ ತೆಗೆದುಕೊಂಡು ಹೋಗಿ. ವಾರಂಟಿಗೆ ಬೇಕಾಗುತ್ತದೆ, ಬಿಲ್ ಕೇಳಿ ಪಡೆಯಿರಿ.

ಮೊದಲು ಫೈಲ್, ಆಮೇಲೆ ಸ್ಕ್ರೂಡ್ರೈವರ್

ಫೋಟೊ, ಮಾರ್ಕ್ಸ್ ಕಾರ್ಡ್, ಆಫೀಸಿನ ಕಡತ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ. ಒಂದೆರಡು ಫೈಲ್ ತೆರೆದೂ ನೋಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಇಲ್ಲಿಂದ ಎರಡು ದಾರಿ. ಯುಎಸ್‌ಬಿ-ಸಾಟಾ ಕೇಬಲ್‌ನಿಂದ ಎಸ್‌ಎಸ್‌ಡಿ ಜೋಡಿಸಿ, ಕ್ಲೋನಿಂಗ್ ಸಾಫ್ಟ್‌ವೇರ್‌ನಲ್ಲಿ ಹಳೇ ಡಿಸ್ಕನ್ನು ಇದ್ದ ಹಾಗೇ ಇಳಿಸಬಹುದು. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಎರಡು ಸಲ ನೋಡಿ. ಉಲ್ಟಾ ಆದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಇನ್ನೊಂದು, ಮೈಕ್ರೋಸಾಫ್ಟ್ ತಾಣದಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು ಹೊಸದಾಗಿ ಹಾಕುವುದು. ವರ್ಷಗಟ್ಟಲೆ ಕಸ ತುಂಬಿದ ಯಂತ್ರಕ್ಕೆ ನನಗೆ ಇದೇ ಸರಿ ಅನ್ನಿಸುತ್ತದೆ.

ಬಿಚ್ಚುವುದು

ಶಟ್‌ಡೌನ್ ಮಾಡಿ ಚಾರ್ಜರ್ ಕೀಳಿ. ಬ್ಯಾಟರಿ ಹೊರಗೆ ಬರುವಂತಿದ್ದರೆ ತೆಗೆಯಿರಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಅಡಿಭಾಗದ ಚಿತ್ರ ಗೀಚಿ, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ. ಉದ್ದ ಸ್ಕ್ರೂ, ಗಿಡ್ಡ ಸ್ಕ್ರೂ ಅದಲುಬದಲಾದರೆ ಒಳಗಿನ ಭಾಗಕ್ಕೆ ಚುಚ್ಚುತ್ತದೆ. ರಬ್ಬರ್ ಪಾದಗಳ ಕೆಳಗೂ ಸ್ಕ್ರೂ ಅಡಗಿರಬಹುದು, ನೋಡಿ.

ಹಳೇ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ನಿಧಾನವಾಗಿ ಜರುಗಿಸಿ. ಟಕ್, ಟಕ್ ಅಂತ ಕ್ಲಿಪ್‌ಗಳು ಬಿಡುತ್ತವೆ. ಮುಚ್ಚಳವನ್ನು ಮಾತ್ರ ಒಮ್ಮೆಲೇ ಎಳೆಯಬೇಡಿ! ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆ ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ ಅಂಟಿಕೊಂಡಿರುತ್ತದೆ. ಮೊದಲ ಸಲ ನಾನು ಅವಸರ ಮಾಡಿ ಅದನ್ನು ಹರಿದು, ಕೀಬೋರ್ಡ್ ಕೆಲಸ ಮಾಡದೆ ವಾರ ಪೂರ್ತಿ ಒದ್ದಾಡಿದ್ದೆ. ಬ್ಯಾಟರಿ ಒಳಗೇ ಇದ್ದರೆ ಮೊದಲು ಅದರ ಕನೆಕ್ಟರ್ ಬಿಡಿಸಿ.

ಹಾರ್ಡ್ ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಕನೆಕ್ಟರ್‌ನಿಂದ ಪಕ್ಕಕ್ಕೆ ಜರುಗಿಸಿ ತೆಗೆಯಿರಿ, ಮೇಲಕ್ಕೆ ಎತ್ತಬೇಡಿ. ಚೌಕಟ್ಟನ್ನು ಎಸ್‌ಎಸ್‌ಡಿಗೆ ತೊಡಿಸಿ, ಅದೇ ದಾರಿಯಲ್ಲಿ ಒಳಗೆ ತಳ್ಳಿ. ಪೂರ್ತಿ ಕೂತಿತು ಅಂತ ಕೈಗೇ ಗೊತ್ತಾಗುತ್ತದೆ.

ಆನ್ ಮಾಡಿದ ಮೇಲೆ

ಕ್ಲೋನ್ ಮಾಡಿದ್ದರೆ ವಿಂಡೋಸ್ ನೇರವಾಗಿ ಶುರುವಾಗಬೇಕು. ಡಿಸ್ಕ್ ಸಿಗಲಿಲ್ಲ ಅಂದರೆ ಮತ್ತೆ ಬಿಚ್ಚಿ ಕನೆಕ್ಟರ್ ಒತ್ತಿ ನೋಡಿ. ಹೊಸದಾಗಿ ಹಾಕುವವರು ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಆಗುವಾಗ ಎಫ್12 ಅಥವಾ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಬೂಟ್ ಕೀ (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಕೀ) ಒತ್ತಿ. ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ ಹೊಂದಿಕೊಂಡಿರುತ್ತದೆ. ಹಾಗಾಗಿ ಮೊದಲಿದ್ದ ಎಡಿಷನ್ನೇ (ಹೋಮ್ ಅಥವಾ ಪ್ರೊ) ಹಾಕಿ ನೆಟ್‌ಗೆ ಜೋಡಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ.

ಹಳೇ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ. ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿದರೆ ಹೊರಗಿನ ಡಿಸ್ಕ್ ಆಗುತ್ತದೆ. ಅಕ್ಕನ ಮದುವೆ ಫೋಟೊಗಳ ಇನ್ನೊಂದು ಪ್ರತಿ ಈಗ ಅದರಲ್ಲೇ ಇದೆ.