ಸ್ಟಾಸಿ ಕತೆಯನ್ನು ಪಿಯುಸಿ ಮಕ್ಕಳಿಗೆ ಹೇಳುವುದು ಹೇಗೆ?

ಶಿರಸಿಯ ಒಂದು ಕಾಲೇಜಿನಲ್ಲಿ ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಬಗ್ಗೆ ಮಾತಾಡಲು ಕರೆದಿದ್ದರು. ನಾನು ಸ್ಟಾಸಿ ಹುಟ್ಟಿದ ದಿನದಿಂದಲೇ, ಅಂದರೆ 1950ರ ಫೆಬ್ರವರಿ 8ರಿಂದ ಶುರು ಹಚ್ಚಿಕೊಂಡೆ. ಹತ್ತೇ ನಿಮಿಷಕ್ಕೆ ಹಿಂದಿನ ಬೆಂಚು ಆಕಳಿಸಿತು. ನೀವು ಹಾಗೆ ಮಾಡಬೇಡಿ.

ಅಡಿಕೆ ಸುಲಿಯುವ ರಾತ್ರಿಯಿಂದ ಶುರು ಮಾಡಿ. ಯಾರ ಮನೆಗೆ ಯಾರು ಬಂದರು, ಯಾರ ಮಗ ಬೆಂಗಳೂರಲ್ಲಿ ಕೆಲಸ ಬಿಟ್ಟ, ಎಲ್ಲ ಅಲ್ಲಿ ಬರುತ್ತದೆ ಅಲ್ವಾ? ಬೆಳಗಾದರೆ ಅರ್ಧ ಮರೆತಿರುತ್ತೇವೆ. ಅದೇ ಗುಂಪಿನಲ್ಲಿ ಕವಳ ಹಾಕಿಕೊಂಡು ಕೂತ ಒಬ್ಬ, ಕೇಳಿದ್ದನ್ನೆಲ್ಲ ಮನೆಗೆ ಹೋಗಿ ತಾರೀಕು ಹಾಕಿ ಬರೆದು, ಬೇರೆ ಹೆಸರಲ್ಲಿ ಸಹಿ ಮಾಡಿ ಅಧಿಕಾರಿಗೆ ಕೊಟ್ಟರೆ? ಇಷ್ಟು ಕೇಳಿ ಸುಮ್ನೆ ನಿಲ್ಲಿ.

ಆಮೇಲೆ ಲೆಕ್ಕ. 1989ರಲ್ಲಿ ಸುಮಾರು 91,000 ಕಾಯಂ ನೌಕರರು, ಸುಮಾರು 1,89,000 ಗುಟ್ಟಿನ ಮಾಹಿತಿದಾರರು, ದೇಶದ ಜನಸಂಖ್ಯೆ 1.6 ಕೋಟಿ ಚಿಲ್ಲರೆ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ 14 ಲಕ್ಷ ಚಿಲ್ಲರೆ ಜನ. ಅದೇ ಪ್ರಮಾಣ ಇಲ್ಲಿ ಎಷ್ಟಾಗುತ್ತದೆ ಅಂತ ಮಕ್ಕಳೇ ಭಾಗಿಸಲಿ. 25,000ದ ಹತ್ತಿರ ಬರುತ್ತದೆ.

ಎರಿಶ್ ಮೀಲ್ಕೆ 1957ರಿಂದ 1989ರವರೆಗೆ ಇದರ ಮಂತ್ರಿ. ಅವನ ಬಗ್ಗೆ ಅಷ್ಟು ಸಾಕು.

ಸಮಯವನ್ನು ಕೆಲಸದ ರೀತಿಗೆ ಕೊಡಿ. ಕಾಗದಗಳನ್ನು ಹಬೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸುತ್ತಿದ್ದರು. ವಿಚಾರಣೆಗೆ ಕೂತವರ ಕುರ್ಚಿಯ ಬಟ್ಟೆಯನ್ನು ಗಾಜಿನ ಭರಣಿಯಲ್ಲಿ ಮುಚ್ಚಿಡುತ್ತಿದ್ದರು, ನಾಯಿಗೆ ವಾಸನೆ ಹಿಡಿಸಲು. ಉಪ್ಪಿನಕಾಯಿ ಹಾಗೆ! ಇಲ್ಲಿ ಮಕ್ಕಳು ನಗುತ್ತಾರೆ, ನಗಲಿ. ಮುಂದಿನದಕ್ಕೆ ನಗು ಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ, ಜೈಲಿಗೆ ಹಾಕಿದರೆ ಹೊರದೇಶಗಳಲ್ಲಿ ಹೆಸರು ಕೆಡುತ್ತದೆ ಅಂತ, ಮನುಷ್ಯನನ್ನು ಒಳಗಿಂದಲೇ ಕೊಳೆಸುವ ದಾರಿ ಹಿಡಿದರು. 1976ರಲ್ಲಿ ಅದಕ್ಕೆ ಲಿಖಿತ ಆದೇಶವೇ ಬಂತು. ಗಾಳಿಸುದ್ದಿ ಹಬ್ಬಿಸು, ಕೆಲಸದಲ್ಲಿ ಮೇಲೇರದಂತೆ ಮಾಡು, ಗೆಳೆಯರ ಮಧ್ಯೆ ಅನುಮಾನ ಬಿತ್ತು. ಕೆಲವರ ಮನೆಗೆ ಅವರಿಲ್ಲದಾಗ ನುಗ್ಗಿ ಸಾಮಾನು ಅತ್ತಿತ್ತ ಮಾಡಿ ಬರುತ್ತಿದ್ದರು. ಯಾರೋ ಬಂದು ಸಾಮಾನು ಸರಿಸಿಟ್ಟು ಹೋಗಿದ್ದಾರೆ ಅಂತ ಪೊಲೀಸರಿಗೆ ದೂರು ಕೊಡಲು ಆಗುತ್ತದಾ?

ಉಳಿದ ಕಡತಗಳನ್ನು ಸಾಲಾಗಿಟ್ಟರೆ 111 ಕಿಲೋಮೀಟರ್. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿದರೂ ಮುಗಿಯುವುದಿಲ್ಲ. 1992ರಿಂದ ಜನ ತಮ್ಮ ತಮ್ಮ ಕಡತ ಓದುತ್ತಿದ್ದಾರೆ.

1990ರ ಜನವರಿ 15ರಂದು ಜನ ಬರ್ಲಿನ್‌ನ ಕೇಂದ್ರ ಕಚೇರಿಗೆ ನುಗ್ಗಿದರು. ಅಷ್ಟರಲ್ಲಿ ಎಷ್ಟೋ ಕಾಗದ ಕೈಯಲ್ಲೇ ಹರಿದುಹೋಗಿತ್ತು, ಚೂರು ತುಂಬಿದ ಚೀಲಗಳೇ 16,000ದಷ್ಟು. ಇದನ್ನು ಹೇಳುವಾಗ ಒಂದು ನೋಟ್‌ಬುಕ್ ಹಾಳೆ ಹರಿದು ಮುಂದಿನ ಬೆಂಚಿಗೆ ಕೊಡಿ. ಗಂಟೆ ಹೊಡೆಯುವವರೆಗೂ ಜೋಡಿಸುತ್ತಿರುತ್ತಾರೆ.