ಎಸ್ಟೇಟಿನ ಕಡತ, ಠಾಣೆಯ ಕಡತ: 1861ರ ಡೆರಿವೇಯನ್ನು ಜೋಡಿಸಿ ಓದುವುದು ಹೇಗೆ

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಒಂದು ಎಸ್ಟೇಟಿನ ಕಥೆ ತಿಳಿಯಬೇಕೆಂದರೆ ಜಮೀನ್ದಾರರ ಬಂಗಲೆಯಿಂದ ಶುರು ಮಾಡಬೇಡಿ. ಟೌನ್‌ಲ್ಯಾಂಡ್‌ನಿಂದ ಶುರು ಮಾಡಿ. ಅಲ್ಲಿನ ಭೂಮಿಯ ಲೆಕ್ಕದಲ್ಲಿ ಅತಿ ಸಣ್ಣ ಘಟಕ ಅದೇ. ದೇಶದಲ್ಲಿ ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು ಇವೆ. ಕೆಲವು ನಮ್ಮ ಒಂದು ದೊಡ್ಡ ತೋಟದಷ್ಟೂ ಇರುವುದಿಲ್ಲ.

ನಾನು ಡೊನೆಗಾಲ್ ಕೌಂಟಿಯ ಲೆಟರ್‌ಕೆನಿಯಲ್ಲಿ ನೆಲೆಸಿದವನು. ನಮ್ಮಪ್ಪ ಊರಲ್ಲಿ ತಾಲ್ಲೂಕು ಕಚೇರಿಯ ಸರ್ವೆಯರ್ ಆಗಿದ್ದರು. ಯಾವ ಜಮೀನಿನ ಕಾಗದ ಕೈಗೆ ಬಂದರೂ ಅವರು ಮೊದಲು ಚಕ್ಕುಬಂದಿ ನೋಡುತ್ತಿದ್ದರು, ಆಮೇಲೆ ಹೆಸರು, ಕೊನೆಗೆ ಕಂದಾಯ. ಇಲ್ಲಿನ ದಾಖಲೆಗಳಿಗೂ ನಾನು ಅದೇ ಕ್ರಮ ಹಿಡಿದಿದ್ದೇನೆ. ಅದಕ್ಕೆ ಸೇರಿಸಿಕೊಂಡದ್ದು ಒಂದೇ: ಜಮೀನಿನ ಕಡತದ ಪಕ್ಕದಲ್ಲೇ ಪೊಲೀಸರ ಕಡತವನ್ನೂ ಇಟ್ಟುಕೊಳ್ಳುವುದು. ಇವೆರಡೂ ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಇವೆ. ಹಾಗಾಗಿ ಹೆಚ್ಚಿನವರು ಒಂದನ್ನು ಮಾತ್ರ ಓದಿ ಎದ್ದುಬಿಡುತ್ತಾರೆ. ಗೇಣಿದಾರನನ್ನು ಮನೆಯಿಂದ ಹೊರಹಾಕಿದ್ದು ಯಾರು ಎಂಬ ಪ್ರಶ್ನೆಗೆ ಆಗ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಬಗೆ ತೋರಿಸಲು ಲೆಟರ್‌ಕೆನಿಯಿಂದ ಸುಮಾರು 24 ಕಿಲೋಮೀಟರ್ ದೂರದ ಡೆರಿವೇಯನ್ನೇ ತೆಗೆದುಕೊಳ್ಳುತ್ತೇನೆ. ಜಾನ್ ಜಾರ್ಜ್ ಅಡೇರ್ ಎಂಬ ಜಮೀನ್ದಾರ ಅಲ್ಲಿ ಎಸ್ಟೇಟ್ ಕೊಂಡು, ಗುಡ್ಡಗಳಲ್ಲಿ ಕುರಿ ಬಿಟ್ಟು, ಸ್ಕಾಟ್ಲೆಂಡಿನಿಂದ ಕುರುಬರನ್ನು ಕರೆಸಿದ. ಕುರಿಗಳು ಕಾಣೆಯಾದವೆಂದು ಗೇಣಿದಾರರ ಮೇಲೆ ದೂರು ಬಂತು. 1860ರ ನವೆಂಬರ್‌ನಲ್ಲಿ ಅವನ ಮೇಸ್ತ್ರಿ ಜೇಮ್ಸ್ ಮರ್ರೆಯ ಕೊಲೆಯಾಯಿತು. ಕೊಂದವರು ಯಾರೆಂದು ಕೋರ್ಟಿನಲ್ಲಿ ಎಂದೂ ಸಾಬೀತಾಗಲಿಲ್ಲ. ಆದರೂ ಕೊಲೆಗಾರರನ್ನು ಇಡೀ ಪ್ರದೇಶವೇ ಬಚ್ಚಿಟ್ಟಿದೆ ಎಂದು ಅಡೇರ್ ಎಲ್ಲರನ್ನೂ ಒಕ್ಕಲೆಬ್ಬಿಸಲು ಹೊರಟ. 1861ರ ಏಪ್ರಿಲ್ 8ರಿಂದ 10ರವರೆಗೆ, ಮೂರು ದಿನಗಳಲ್ಲಿ, 47 ಕುಟುಂಬಗಳ 244 ಜನ ಹೊರಗೆ ಬಿದ್ದರು. 28 ಮನೆಗಳನ್ನು ಕೆಡವಿದರು, ಇಲ್ಲವೇ ಚಾವಣಿ ಕಿತ್ತರು. ಕಾವಲಿಗೆ ಸುಮಾರು 200 ಪೊಲೀಸರು ಇದ್ದರು. ಅಡೇರ್ ಕೊಟ್ಟ ಕಾರಣ ಗೇಣಿ ಬಾಕಿಯಲ್ಲ ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮುಂದೆ ಪ್ರತಿ ಕಾಗದ ಓದುವಾಗಲೂ ಇದು ಬೇಕಾಗುತ್ತದೆ.

ಜಮೀನಿನ ಕಡತ

ಮೊದಲು ತೆರೆಯಬೇಕಾದದ್ದು ಗ್ರಿಫಿತ್ ವ್ಯಾಲ್ಯುಯೇಷನ್. ರಿಚರ್ಡ್ ಗ್ರಿಫಿತ್ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಕೌಂಟಿ ಕೌಂಟಿಯಾಗಿ ಅಚ್ಚಾದ ತೆರಿಗೆ ಪಟ್ಟಿ ಅದು. ‘ಆಸ್ಕ್ ಅಬೌಟ್ ಐರ್ಲೆಂಡ್’ ಜಾಲತಾಣದಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತದೆ, ನಕ್ಷೆಯೂ ಜೊತೆಗಿದೆ. ಹುಡುಕುವಾಗ ಮನೆತನದ ಹೆಸರಿನಿಂದಲ್ಲ, ಸ್ಥಳದ ಹೆಸರಿನಿಂದ ಹುಡುಕಿ. ಡೆರಿವೇಗೆ ಕೌಂಟಿ ಡೊನೆಗಾಲ್, ಪ್ಯಾರಿಷ್ (ಕೌಂಟಿಯೊಳಗಿನ ಸಣ್ಣ ವಿಭಾಗ) ಗಾರ್ಟನ್. ಅಲ್ಲಿಂದ ಟೌನ್‌ಲ್ಯಾಂಡ್‌ಗಳಿಗೆ ಇಳಿಯಿರಿ: ಲಾಖ್ ಬ್ಯಾರಾ, ಸ್ಟ್ಯಾಗ್‌ಹಾಲ್, ಹೀಗೆ ಒಂದೊಂದೇ.

ಪುಟ ತೆರೆದ ಕೂಡಲೇ ಎಡತುದಿಯ ಕಾಲಂ ನೋಡಿ. ಅಲ್ಲಿರುವ ಅಂಕಿ ನಕ್ಷೆಯ ಮೇಲಿನ ತುಂಡು. ಅಂಕಿಯ ಜೊತೆಗಿರುವ ಸಣ್ಣ ಅಕ್ಷರ ಆ ತುಂಡಿನೊಳಗಿನ ಮನೆ. ಇದೇ ನಿಮ್ಮ ಚಕ್ಕುಬಂದಿ. ಆಮೇಲೆ ಸಾಗುವಳಿದಾರನ ಹೆಸರು, ಪಕ್ಕದಲ್ಲಿ ಅವನಿಗೆ ನೇರವಾಗಿ ಗೇಣಿಗೆ ಕೊಟ್ಟವನ ಹೆಸರು. ಕೊಟ್ಟವನೇ ಒಡೆಯನಾಗಿರಬೇಕಿಲ್ಲ. ನಡುವೆ ಇನ್ನೊಬ್ಬ ಒಟ್ಟಾರೆ ಗುತ್ತಿಗೆ ಹಿಡಿದು, ಚೂರುಚೂರಾಗಿ ಗೇಣಿಗೆ ಬಿಟ್ಟಿರುವುದು ಬಹಳ ಕಡೆ ಇತ್ತು. ‘ಇನ್ ಫೀ’ ಎಂದಿದ್ದರೆ ಮಾತ್ರ ಆ ಸಾಗುವಳಿದಾರ ತಾನೇ ಮಾಲೀಕ. ಡೊನೆಗಾಲ್ ಪಟ್ಟಿ ಅಚ್ಚಾದದ್ದು 1857–58ರಲ್ಲಿ. ಅಡೇರ್ ಇಲ್ಲಿ ಜಮೀನು ಕೊಳ್ಳುತ್ತಿದ್ದದ್ದೂ ಅದೇ ವರ್ಷಗಳಲ್ಲಿ. ಹೀಗಾಗಿ ಎಲ್ಲ ಪುಟಗಳಲ್ಲೂ ಅವನ ಹೆಸರೇ ಇರಬೇಕೆಂದು ಕಾಯಬೇಡಿ. ಹಳೆಯ ಮಾಲೀಕನ ಹೆಸರು ಕಂಡರೆ ಅದನ್ನೂ ಬರೆದುಕೊಳ್ಳಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ಕಥೆಯ ಮೊದಲ ಭಾಗ.

ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿದೆ: 40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಒಂದು ಎಕರೆ. ಬಲತುದಿಯ ಪೌಂಡು, ಶಿಲಿಂಗು, ಪೆನ್ಸ್ ಅನ್ನು ಗೇಣಿ ಎಂದು ಎಣಿಸಬಾರದು. ಅದು ತೆರಿಗೆಗಾಗಿ ಕಟ್ಟಿದ ಬೆಲೆ. ಗೇಣಿದಾರ ನಿಜವಾಗಿ ಕೊಡುತ್ತಿದ್ದದ್ದು ಬೇರೆ. ಆದರೂ ಕಟ್ಟಡದ ಬೆಲೆಯ ಕಾಲಂ ಬಹಳ ಹೇಳುತ್ತದೆ. ಗುಡ್ಡಗಾಡಿನ ಮನೆಗಳ ಮುಂದೆ ಕೆಲವೇ ಶಿಲಿಂಗು ನಮೂದಾಗಿರುತ್ತದೆ. ಹಲವು ಹೆಸರುಗಳನ್ನು ಆವರಣ ಚಿಹ್ನೆಯೊಂದು ಒಟ್ಟಿಗೆ ಹಿಡಿದಿದ್ದರೆ ಅವರೆಲ್ಲ ಆ ಜಮೀನನ್ನು ಕೂಡಿ ಹಿಡಿದವರು. ಗುಡ್ಡದ ಹುಲ್ಲು ಎಲ್ಲರದ್ದು ಎಂಬ ಲೆಕ್ಕದಲ್ಲಿ ಬದುಕಿದ ಜನರ ನಡುವೆ ಕುರಿಮಂದೆ ಬಂದಾಗ ಜಗಳ ಯಾಕೆ ಎದ್ದಿತೆಂದು ಆ ಚಿಹ್ನೆ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಎಸ್ಟೇಟ್ ಮಾರಾಟವಾದದ್ದು ಹೇಗೆ ಎಂದು ತಿಳಿಯಲು ಇನ್ನೊಂದು ಕಡತವಿದೆ. ಬರಗಾಲದ ನಂತರ ಸಾಲದಲ್ಲಿ ಮುಳುಗಿದ ಜಮೀನ್ದಾರರ ಆಸ್ತಿ ಮಾರಲು 1849ರಲ್ಲಿ ಎನ್‌ಕಂಬರ್ಡ್ ಎಸ್ಟೇಟ್ಸ್ ಕೋರ್ಟ್ ತೆರೆದರು. 1858ರಲ್ಲಿ ಅದರ ಜಾಗಕ್ಕೆ ಲ್ಯಾಂಡೆಡ್ ಎಸ್ಟೇಟ್ಸ್ ಕೋರ್ಟ್ ಬಂತು. ಹರಾಜಿಗೆ ಮುಂಚೆ ಅಚ್ಚು ಹಾಕಿಸಿದ ಪುಸ್ತಿಕೆಗಳಲ್ಲಿ ಗೇಣಿದಾರರ ಹೆಸರು, ಗೇಣಿ, ಕರಾರು, ನಕ್ಷೆ ಎಲ್ಲವೂ ಇರುತ್ತವೆ. ಗ್ರಿಫಿತ್ ಹೇಳದ ಗೇಣಿಯ ಮೊತ್ತ ಇಲ್ಲಿ ಸಿಗುತ್ತದೆ.

ಠಾಣೆಯ ಕಡತ

ಇಲ್ಲಿ ಕಾಲ ತಪ್ಪಿದರೆ ಹುಡುಕಾಟವೇ ದಾರಿ ತಪ್ಪುತ್ತದೆ. 1861ರಲ್ಲಿ ಆ ಪೊಲೀಸ್ ಪಡೆಯ ಹೆಸರು ಐರಿಷ್ ಕಾನ್ಸ್ಟಾಬ್ಯುಲರಿ ಅಷ್ಟೇ. ‘ರಾಯಲ್’ ಸೇರಿದ್ದು 1867ರಲ್ಲಿ, ಬ್ರಿಟಿಷ್ ಆಡಳಿತದ ವಿರುದ್ಧದ ಫೀನಿಯನ್ ದಂಗೆ ಅಡಗಿಸಿದ್ದಕ್ಕೆ. ಪದವಿಗಳೂ ಬೇರೆ: ಆಗ ಸಾಮಾನ್ಯ ಪೇದೆ ‘ಸಬ್ ಕಾನ್ಸ್ಟೇಬಲ್’, ‘ಕಾನ್ಸ್ಟೇಬಲ್’ ಅಂದರೆ ಅವನ ಮೇಲಿನವನು. 1883ರಲ್ಲಿ ಪೇದೆ ಕಾನ್ಸ್ಟೇಬಲ್ ಆದ, ಮೇಲಿನವನು ಸಾರ್ಜೆಂಟ್ ಆದ. ವರದಿಯಲ್ಲಿ ಒಬ್ಬ ಕಾನ್ಸ್ಟೇಬಲ್ ಸಹಿ ಮಾಡಿದ್ದಾನೆಂದರೆ ಅವನು ಆ ಠಾಣೆಯ ಮುಖ್ಯಸ್ಥನಾಗಿರಬಹುದು, ಕೆಳಗಿನ ಪೇದೆಯಲ್ಲ.

1836ರ ಕಾಯ್ದೆಯಿಂದ ಇದು ಇಡೀ ದೇಶಕ್ಕೆ ಒಂದೇ ಪಡೆಯಾಯಿತು. ಡಬ್ಲಿನ್, ಬೆಲ್‌ಫಾಸ್ಟ್, ಡೆರಿ ನಗರಗಳಿಗೆ ಮಾತ್ರ ಆಗ ಬೇರೆ ಪೊಲೀಸ್. ಬಂದೂಕು ಹಿಡಿದು, ಬ್ಯಾರಕ್‌ನಲ್ಲಿ ವಾಸಿಸಿ, ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕ್ಯಾಸಲ್‌ನ ಆಜ್ಞೆಯಂತೆ ನಡೆಯುವ ಪಡೆ. ಯಾವ ಪೇದೆಯನ್ನೂ ಅವನ ಸ್ವಂತ ಕೌಂಟಿಗೆ ಹಾಕುತ್ತಿರಲಿಲ್ಲ, ಹೆಂಡತಿಯ ಕೌಂಟಿಗೂ ಇಲ್ಲ. ಆದರೆ ಪೇದೆಗಳಲ್ಲಿ ಬಹುಪಾಲು ಕ್ಯಾಥೊಲಿಕ್ ರೈತ ಮನೆಗಳ ಹುಡುಗರೇ. ನನಗೆ ಇದು ತುಂಬಾ ನೋವಿನ ವಿಷಯ: ಡೆರಿವೇಯಲ್ಲಿ ಸಾಲುಗಟ್ಟಿ ನಿಂತವರಲ್ಲಿ ಎಷ್ಟೋ ಜನ ಇಂಥದೇ ಸಣ್ಣ ಮನೆಗಳಲ್ಲಿ ಹುಟ್ಟಿದವರಿರಬೇಕು.

ಇದನ್ನು ಪರೀಕ್ಷಿಸಲು ಪಡೆಯ ಸೇವಾ ರಿಜಿಸ್ಟರ್ ಇದೆ. ಮೂಲ ಇರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ‘ಎಚ್‌ಒ 184’ ಎಂಬ ಸರಣಿಯಲ್ಲಿ. ಪ್ರತಿ ಮನುಷ್ಯನ ಸೇವಾ ಸಂಖ್ಯೆ, ವಯಸ್ಸು, ಎತ್ತರ, ಹುಟ್ಟಿದ ಕೌಂಟಿ, ಧರ್ಮ, ವರ್ಗಾವಣೆಗಳು ಅಲ್ಲಿವೆ. ಶಿಫಾರಸು ಮಾಡಿದವರು ಯಾರು ಎಂಬ ಕಾಲಂ ಬಿಡಬೇಡಿ. ಅಲ್ಲಿ ಪಾದ್ರಿಯ ಹೆಸರಿರಬಹುದು, ಮ್ಯಾಜಿಸ್ಟ್ರೇಟನ ಹೆಸರಿರಬಹುದು, ಮತ್ತು ಹಳ್ಳಿಗಾಡಿನಲ್ಲಿ ಮ್ಯಾಜಿಸ್ಟ್ರೇಟ್ ಪೀಠದಲ್ಲಿ ಕೂರುತ್ತಿದ್ದವರು ಸಾಮಾನ್ಯವಾಗಿ ಜಮೀನ್ದಾರರು. ಎಸ್ಟೇಟು ಮತ್ತು ಠಾಣೆ ಒಂದೇ ಗೆರೆಯಲ್ಲಿ ಸೇರುವುದು ಅಲ್ಲಿ.

ಈ ಪಡೆ ನಮಗೆ ದೂರದ್ದಲ್ಲ. ಬ್ರಿಟಿಷ್ ಸೇನಾನಿ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್‌ನಲ್ಲಿ ಪೊಲೀಸ್ ಕಟ್ಟಿದ್ದು ಇದೇ ಮಾದರಿಯಲ್ಲಿ. ಆ ದಾರಿಯಲ್ಲೇ 1859ರ ಮದ್ರಾಸ್ ಕಾಯ್ದೆ ಬಂದು, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೂ ಅನ್ವಯಿಸಿತು. ಇಂಡಿಯಾದ ಪೊಲೀಸ್ ಕಾಯ್ದೆಯ ತಾರೀಖು 1861ರ ಮಾರ್ಚ್ 22; ಡೆರಿವೇಯ ಮನೆಗಳು ಉರುಳಿದ್ದು ಮೂರು ವಾರದೊಳಗೆ.

ಎರಡನ್ನೂ ಒಂದೇ ವಾರದ ಮೇಲೆ ಇಡುವುದು

ಈಗ ಒಂದು ಹಾಳೆಯಲ್ಲಿ ಆ ವಾರವನ್ನು ದಿನದಿನವಾಗಿ ಬರೆಯಿರಿ. ಏಪ್ರಿಲ್ 7, ಭಾನುವಾರ: ಅಂದಿನ ರಾತ್ರಿಯ ಲೆಕ್ಕಕ್ಕೆ ದೇಶದಾದ್ಯಂತ ಜನಗಣತಿ. ಐರ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಗಣತಿ ಮಾಡುತ್ತಿದ್ದವರು ಇದೇ ಕಾನ್ಸ್ಟಾಬ್ಯುಲರಿಯವರು. ಏಪ್ರಿಲ್ 8, ಸೋಮವಾರ: ಅದೇ ಪಡೆಯ ಕಾವಲಿನಲ್ಲಿ ಕೋರ್ಟಿನ ಆಜ್ಞೆ ಜಾರಿ ಮಾಡುವ ಅಧಿಕಾರಿ ಶೆರಿಫ್‌ನ ಕಡೆಯವರು ಆ ಮನೆಗಳ ಬಾಗಿಲಿಗೆ ಬಂದರು. 1861ರ ಗಣತಿಯ ಮೂಲ ಹಾಳೆಗಳನ್ನು ಸರ್ಕಾರವೇ ನಾಶಮಾಡಿತು. ಉಳಿದಿರುವುದು ಅಚ್ಚಾದ ವರದಿ ಮಾತ್ರ. ಅದರಲ್ಲಿ ಪ್ರತಿ ಟೌನ್‌ಲ್ಯಾಂಡ್‌ನ ಮನೆಗಳು, ಜನರ ಸಂಖ್ಯೆ ಇವೆ. 1851ರ, 1861ರ, 1871ರ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ.

ಆ ಮೂರು ದಿನ ಯಾರು ಯಾರಿಗೆ ಏನು ಬರೆದರು ಎಂಬುದಕ್ಕೆ ಡಬ್ಲಿನ್‌ನ ಬಿಷಪ್ ಸ್ಟ್ರೀಟ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಬೇಕು. ಕೇಳಬೇಕಾದದ್ದು ಐರ್ಲೆಂಡಿನ ಆಡಳಿತ ನೋಡಿಕೊಳ್ಳುತ್ತಿದ್ದ ಚೀಫ್ ಸೆಕ್ರೆಟರಿ ಕಚೇರಿಯ ನೋಂದಾಯಿತ ಪತ್ರಗಳನ್ನು. ಒಂದು ವಿಷಯಕ್ಕೆ ಹೊಸ ಪತ್ರ ಬಂದರೆ ಹಳೆಯ ಕಡತವನ್ನು ಎತ್ತಿ ಹೊಸ ಸಂಖ್ಯೆಯ ಕೆಳಗೆ ಇಡುವುದು ಆ ಕಚೇರಿಯ ಪದ್ಧತಿ. ಆದ್ದರಿಂದ ಮೊದಲ ಸಂಖ್ಯೆಯಲ್ಲಿ ಏನೂ ಸಿಗದಿದ್ದರೆ ರಿಜಿಸ್ಟರ್‌ನಲ್ಲಿ ಮುಂದಿನ ಸಂಖ್ಯೆ ಹುಡುಕಿ, ಅಲ್ಲಿಂದ ಅದರ ಮುಂದಿನದು, ಕೊನೆಯ ಪತ್ರ ಮುಟ್ಟುವವರೆಗೆ. ತಾಳ್ಮೆ ಬೇಕು, ಆದರೆ ಕಟ್ಟು ಪೂರ್ತಿಯಾಗಿ ಒಂದೇ ಕಡೆ ಸಿಗುತ್ತದೆ. ಡಬ್ಲಿನ್‌ಗೆ ಹೋಗಲಾಗದವರಿಗೆ 1861ರಲ್ಲೇ ಸಂಸತ್ತಿಗಾಗಿ ಅಚ್ಚಾದ ಅಡೇರ್ ಪತ್ರವ್ಯವಹಾರವೂ, ಸಂಸತ್ತಿನ ಕಲಾಪದ ದಾಖಲೆಯಾದ ಹ್ಯಾನ್ಸಾರ್ಡ್‌ನಲ್ಲಿರುವ ಚರ್ಚೆಯೂ ಇವೆ. ಇವನ್ನು ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಒಕ್ಕಲೆಬ್ಬಿಸುವುದು ತನಗೆ ಇಷ್ಟವಿಲ್ಲ ಎಂದು ಅಧಿಕಾರಿ ಹೇಳುತ್ತಾನೋ, ತಡೆಯಲು ತನಗೆ ಅಧಿಕಾರವಿಲ್ಲ ಎನ್ನುತ್ತಾನೋ? ಕೋರ್ಟಿನ ಆಜ್ಞೆ ಹಿಡಿದು ಶೆರಿಫ್ ರಕ್ಷಣೆ ಕೇಳಿದರೆ ಸರ್ಕಾರ ಪೊಲೀಸರನ್ನು ಕೊಡಲೇಬೇಕಿತ್ತು. ಜಮೀನ್ದಾರನ ಸಿಟ್ಟು ಸರ್ಕಾರದ ಬಂದೂಕಾದದ್ದು ಈ ಕಾನೂನಿನ ದಾರಿಯಲ್ಲಿ.

ಆಗ ಡಬ್ಲಿನ್ ಕ್ಯಾಸಲ್‌ನಲ್ಲಿ ಅಂಡರ್ ಸೆಕ್ರೆಟರಿಯಾಗಿದ್ದವನು ಥಾಮಸ್ ಲಾರ್ಕಮ್. ಅದಕ್ಕೂ ಮುಂಚೆ ಅವನು ಇಡೀ ಐರ್ಲೆಂಡಿನ ನಕ್ಷೆ ತಯಾರಿಸಿದ ಆರ್ಡ್‌ನೆನ್ಸ್ ಸರ್ವೆ ನಡೆಸಿದವರಲ್ಲಿ ಒಬ್ಬ, 1841ರ ಗಣತಿಯ ಕಮಿಷನರ್‌ಗಳಲ್ಲಿ ಒಬ್ಬ. ಮೈಲಿಗೆ ಆರು ಅಂಗುಲದ ಆ ನಕ್ಷೆಯಲ್ಲಿ ಮನೆಗಳು ಕಪ್ಪು ಚೌಕಗಳಾಗಿ ಕಾಣುತ್ತವೆ. 1830ರ ದಶಕದ ಮೊದಲ ಆವೃತ್ತಿಯನ್ನೂ ಶತಮಾನದ ಕೊನೆಯ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು, ಯಾವ ಚೌಕ ಉಳಿದಿದೆ, ಯಾವುದು ಇಲ್ಲ, ಬ್ಯಾರಕ್ ಎಲ್ಲಿದೆ, ಅಲ್ಲಿಂದ ರಸ್ತೆ ಯಾವ ಕಡೆ ಹೋಗುತ್ತದೆ ಎಂದು ಗುರುತಿಸಿ. ಗ್ಲೆನ್‌ವೇ ಕೋಟೆ ಎರಡನೆಯದರಲ್ಲಿ ಮಾತ್ರ ಇದೆ; ಅಡೇರ್ ಅದನ್ನು ಕಟ್ಟಿಸಿದ್ದು 1870ರ ಆಸುಪಾಸಿನಲ್ಲಿ, ಊರು ಖಾಲಿಯಾದ ಮೇಲೆ.

ಹೊರಬಿದ್ದವರ ಬೆನ್ನು ಹಿಡಿಯುವುದು

ಕೆಲವರನ್ನು ಮತ್ತೆ ಒಳಗೆ ಬಿಟ್ಟರು, ಕೆಲವರು ಲೆಟರ್‌ಕೆನಿಯ ವರ್ಕ್‌ಹೌಸ್ (ನಿರ್ಗತಿಕರ ಆಶ್ರಯಮನೆ) ಸೇರಿದರು, ಯುವಕರು ಯುವತಿಯರು ಪರಿಹಾರ ನಿಧಿಯ ನೆರವಿನಿಂದ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಹುಡುಕಾಟವನ್ನು ಕೋಟೆಯ ಬಾಗಿಲಲ್ಲೇ ನಿಲ್ಲಿಸಬೇಡಿ. ನ್ಯೂ ಸೌತ್ ವೇಲ್ಸ್‌ನ ನೆರವು ಪಡೆದ ವಲಸಿಗರ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಹುಟ್ಟಿದ ಊರು, ತಂದೆತಾಯಿ, ಓದುಬರಹ ಎಲ್ಲ ಇವೆ. ಗ್ರಿಫಿತ್‌ನಿಂದ ಬರೆದುಕೊಂಡ ಹೆಸರುಗಳನ್ನು 1861ರ ನಂತರದ ಹಡಗುಗಳಲ್ಲಿ ಒಂದೊಂದಾಗಿ ನೋಡಿ. ಕಾಗುಣಿತ ಬದಲಾಗಿರುತ್ತದೆ: ಒಂದು ಕಡೆ ಮ್ಯಾಕ್‌ಅವಾರ್ಡ್, ಇನ್ನೊಂದು ಕಡೆ ವಾರ್ಡ್. ಎರಡನ್ನೂ ಬರೆದಿಡಿ, ಯಾವುದನ್ನೂ ತಿದ್ದಬೇಡಿ. ಪ್ರತಿ ಟೌನ್‌ಲ್ಯಾಂಡ್‌ಗೆ ಒಂದು ಹಾಳೆ, ಪ್ರತಿ ಮನೆಗೆ ಒಂದು ಸಾಲು. ಆ ಸಾಲಿನಲ್ಲಿ ನಕ್ಷೆಯ ಅಂಕಿ, ಹೆಸರು, ಮನೆ ಉಳಿಯಿತೋ ಉರುಳಿತೋ, ಜನ ಹೋದದ್ದು ಎಲ್ಲಿಗೆ.